ಕಿವಿಗೊಂದು ಕೆಂಪು ಎಲೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ಕರಕುಶಲ ಶಾಲೆಯ ಗುರುಗಳೇ, ನನ್ನ ಜೊತೆ ಕಲಿತ ಗೆಳತಿಯರೇ, ಹಾಗೂ ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಆಗಲೇ ಪಕ್ಕದವರನ್ನು ಕೇಳುತ್ತಿರುವ ಸಭಿಕರೇ,

ನನ್ನನ್ನು ಪರಿಚಯಿಸಿದ ಕಾರ್ಯದರ್ಶಿಗಳು ‘ವಿಧಿಯಾಟದಿಂದ ಕಿವಿಗಳನ್ನು ಕಳೆದುಕೊಂಡ ಮಹಿಳೆ’ ಎಂದರು. ಅವರ ತುಟಿ ನೋಡಿ ತಿಳಿದುಕೊಂಡೆ. ಯಾರೂ ಗಾಬರಿಯಾಗಬೇಡಿ. ಕಿವಿಗಳು ಎರಡೂ ಇದ್ದ ಜಾಗದಲ್ಲೇ ಇವೆ. ಕೇಳಿಸುವುದು ಕಡಿಮೆಯಾಗಿದೆ, ಅಷ್ಟೇ.

ಪಾಲಿಮರ್ ಕ್ಲೇ ಮತ್ತು ಬೆಳ್ಳಿ ಕ್ಲೇಯಿಂದ ಒಡವೆ ಮಾಡುವುದನ್ನು ಹೇಗೆ ಕಲಿತಿರಿ ಎಂದು ಹೇಳಬೇಕಂತೆ. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಕೆಲಸದ ವಿಷಯ ಹೇಳದೆ ಬೇರೆ ದಾರಿಯಿಲ್ಲ.

ನಾನು ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಕೂತು ಇಡೀ ಆಸ್ಪತ್ರೆಯ ಮಾತು ಕೇಳುತ್ತಿದ್ದೆ. ನನ್ನ ಮುಖ ನೋಡದ ಡಾಕ್ಟರುಗಳಿಗೂ ನನ್ನ ದನಿಯ ಗುರುತಿತ್ತು. ಅಂಥವಳ ಕಿವಿ, ಯಾರೋ ನಲ್ಲಿಯನ್ನು ಒಂದೊಂದೇ ಸುತ್ತು ತಿರುಗಿಸಿ ನಿಲ್ಲಿಸಿದ ಹಾಗೆ ನಿಂತುಹೋಯಿತು. ಮೊದಲು ಮಕ್ಕಳ ಮಾತು ಹೋಯಿತು, ಆಮೇಲೆ ಹೆಂಗಸರದು. ಗಂಡಸರ ಮಾತು ಕೊನೆಯವರೆಗೂ ಕೇಳಿಸಿತು. ಅದೇನು ಪುಣ್ಯವೋ ಪಾಪವೋ, ನೀವೇ ತೀರ್ಮಾನಿಸಿ.

ನನ್ನನ್ನು ಹಾಸಿಗೆ ಬಟ್ಟೆಗಳ ಉಗ್ರಾಣಕ್ಕೆ ವರ್ಗ ಮಾಡಿದರು. “ಅಲ್ಲಿ ಆರಾಮಾಗಿರಿ ಮೇಡಂ” ಎಂದರು ಮೇಲಧಿಕಾರಿಗಳು. ಆರಾಮಾಗಿಯೇ ಇದ್ದೆ. ಹೊದಿಕೆಗಳು ಮಾತಾಡುವುದಿಲ್ಲವಲ್ಲ, ನನಗೂ ಅವುಗಳಿಗೂ ಒಂದು ದಿನವೂ ಜಗಳವಾಗಲಿಲ್ಲ. ಕಿವಿಗೆ ಮಷೀನು ಬಂತು. ಕಿವಿಯ ಹಿಂದೆ ಹುರುಳಿಕಾಯಿಯ ತುಂಡಿನಂಥ ಒಂದು ಪೆಟ್ಟಿಗೆ, ಅದರಿಂದ ಕಿವಿಯೊಳಕ್ಕೆ ಸಣ್ಣದೊಂದು ಕೊಳವೆ. ಅದು ಕಾಣಬಾರದೆಂದು ಸುಡುಬಿಸಿಲಿನಲ್ಲೂ ಕೂದಲು ಬಿಟ್ಟುಕೊಂಡೇ ಓಡಾಡಿದೆ.

ನಮ್ಮ ಯಜಮಾನರು ಅಲ್ಲಿ ಕಂಬದ ಪಕ್ಕ ಕೂತಿದ್ದಾರೆ. ಒಳ್ಳೆಯ ಮನುಷ್ಯ. ಒಳ್ಳೆಯತನ ಸ್ವಲ್ಪ ಹೆಚ್ಚೇ ಆಯಿತು. ತರಕಾರಿ ಅಂಗಡಿಯಾಗಲಿ, ಬಸ್ಸಾಗಲಿ, ಯಾರಾದರೂ ನನ್ನ ಕಡೆ ತಿರುಗಿದ ಕೂಡಲೇ ಇವರು ನಡುವೆ ಬಂದುಬಿಡುತ್ತಿದ್ದರು. “ಅವಳಿಗೆ ಕೇಳಿಸಲ್ಲ, ನನ್ನ ಹತ್ರ ಹೇಳಿ.” ಕಿವಿಯ ಡಾಕ್ಟರು ನನ್ನನ್ನು ನೋಡಿ “ಈಗ ಹೇಗಿದೆಯಮ್ಮ?” ಎಂದರೆ, “ಪರವಾಗಿಲ್ಲ ಅಂತಾಳೆ” ಎಂದು ಇವರೇ ಉತ್ತರ ಕೊಟ್ಟರು. ನಾನು ಯಾವಾಗ ಹಾಗೆ ಅಂದಿದ್ದೆ? ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಗು ಏಳುತ್ತಿತ್ತು. ಏನಂತೆ ಎಂದು ಕೇಳಿದರೆ, “ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ.” ಸಭಿಕರೇ, ಆ ‘ಆಮೇಲೆ’ ಎಂಬುದು ಯಾರ ಮನೆಯಲ್ಲಾದರೂ ಬಂದದ್ದುಂಟೇ? ನಮ್ಮ ಮನೆಯಲ್ಲಂತೂ ಬರಲಿಲ್ಲ. ಕೊನೆಕೊನೆಗೆ ನಾನು ಕೇಳುವುದನ್ನೇ ಬಿಟ್ಟೆ. ಅವರು ನಕ್ಕಾಗ ನಾನೂ ನಗುತ್ತಿದ್ದೆ. ಯಾವುದಕ್ಕೆ ನಗುತ್ತಿದ್ದೇನೆಂದು ಗೊತ್ತಿಲ್ಲದೆ ನಗುವುದಿದೆಯಲ್ಲ, ಅದರಷ್ಟು ಸುಸ್ತಿನ ಕೆಲಸ ಬೇರೊಂದಿಲ್ಲ.

ಇರಲಿ. ನಾನು ಒಡವೆಯ ವಿಷಯಕ್ಕೆ ಬರಬೇಕು.

ಕಿವಿಯ ಹಂಗಿಲ್ಲದ ಕೆಲಸ ಬೇಕು ಎಂದೇ ನಾನು ಈ ಶಾಲೆಯ ಮೆಟ್ಟಿಲು ಹತ್ತಿದ್ದು. ಸುದ್ದಿ ತಿಳಿದ ನನ್ನ ನಾದಿನಿ, “ಅತ್ತಿಗೆ, ಅದು ಮಕ್ಕಳು ಆಡೋ ಮಣ್ಣಲ್ವಾ?” ಎಂದಳು. “ಹೌದಮ್ಮ, ನಂಗೂ ಆಡೋ ವಯಸ್ಸಾಯ್ತು” ಎಂದೆ.

ನಮ್ಮ ಟೀಚರ್ ಹಿಂದೆ ಕಟ್ಟುಹಲ್ಲು ಮಾಡುವ ಕಡೆ ಕೆಲಸ ಮಾಡಿದವರು. ಅದಕ್ಕೇ ನಾವೆಲ್ಲ ಹಿಂದಿನಿಂದ ಅವರನ್ನು ‘ಹಲ್ಲಿನ ಟೀಚರ್’ ಎನ್ನುತ್ತೇವೆ. ಇವತ್ತು ಮುಂದಿನಿಂದಲೇ ಅಂದುಬಿಟ್ಟೆ, ಕ್ಷಮಿಸಬೇಕು. ಮೊದಲನೇ ದಿನ ಅವರು ಓವನ್ ಕಡೆ ಮುಖ ಮಾಡಿಕೊಂಡು ಪಾಠ ಹೇಳಿದರು. ನಾನು ಅಭ್ಯಾಸಬಲದಿಂದ ತಲೆಯಾಡಿಸಿದೆ. ನನ್ನ ಹಳದಿ ಮಣಿಗಳೆಲ್ಲ ಕರಿಯ ಮೆಣಸಾಗಿ ಹೊರಬಂದವು. ಕೋಣೆಯ ತುಂಬ ಸುಟ್ಟ ವಾಸನೆ.

“ಶಾಖ ಇಳಿಸಿ ಅಂದೆನಲ್ಲ, ಕೇಳಿಸ್ಲಿಲ್ವಾ?” ಎಂದರು.

ಇಂಥ ಹೊತ್ತಿನಲ್ಲಿ ಮರೆತೆ ಎನ್ನುವುದು ನನ್ನ ರೂಢಿ. ಅವತ್ತು ಯಾಕೋ ಬಾಯಿಗೆ ಬೇರೆ ಮಾತು ಬಂತು. “ಕೇಳಿಸ್ಲಿಲ್ಲ. ನಂಗೆ ಕಿವಿ ಕೇಳಿಸಲ್ಲ.”

“ಅಯ್ಯೋ, ಮೊದ್ಲೇ ಹೇಳ್ಬಾರ್ದಾ!” ಎಂದು ನನ್ನ ಕುರ್ಚಿಯನ್ನು ದರದರ ಎಳೆದು ತಮ್ಮ ಎದುರಿಗೆ ಹಾಕಿದರು. ಆಮೇಲೆ ಒಂದು ದಿನವೂ ಬೆನ್ನು ತಿರುಗಿಸಿ ಪಾಠ ಮಾಡಲಿಲ್ಲ. ಅಷ್ಟೇ ಸಾಕಾಗಿತ್ತು ನೋಡಿ. ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಅಷ್ಟೇ ಆಗಿತ್ತು.

ಪಾಲಿಮರ್ ಕ್ಲೇ ಎಂದರೆ ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಬಣ್ಣದ ಪ್ಲಾಸ್ಟಿಕ್ ಮುದ್ದೆ. ಮೊದಲಿಗೆ ಹಟಮಾರಿ. ಅಂಗೈ ಬಿಸಿಗೆ ನಾದಿ ನಾದಿ ಮೆತ್ತಗೆ ಮಾಡಬೇಕು. ಬೆಳ್ಳಿ ಕ್ಲೇ ಇನ್ನೊಂದು ಥರ. ಬೆಳ್ಳಿಯ ನುಣುಪಾದ ಪುಡಿಗೆ ನೀರು, ಅಂಟು ಸೇರಿಸಿದ ಬೂದುಬಣ್ಣದ ಮುದ್ದೆ ಅದು. ಸ್ವಲ್ಪ ಗಾಳಿಗಿಟ್ಟರೆ ಬಿರುಕು ಬಿಡುತ್ತದೆ. ಹಸಿಯಿದ್ದಾಗ ಕುಲುಮೆಗೆ ಹಾಕಿದರೆ ಸಿಡಿಯುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಬೆಚ್ಚಗಿರುವಾಗಲೇ ಕನ್ನಡಿಯ ಮೇಲಿಡಬೇಕು. ಎತ್ತಿದಾಗ ಕನ್ನಡಿಯಲ್ಲಿ ಹಬೆಯ ಗುರುತು ಕಂಡರೆ ಇನ್ನೂ ಒಳಗೆ ನೀರಿದೆ ಎಂದರ್ಥ. ಬೆಂದು ಬಂದಾಗ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಒಳಗಿನಿಂದ ಬೆಳ್ಳಿ ಕಣ್ಣು ಬಿಡುತ್ತದೆ. ಬೆಂದಾಗ ಅದು ಕುಗ್ಗುತ್ತದೆ ಕೂಡ. ನನ್ನ ಬೆರಳಿಗೆಂದು ಮಾಡಿದ ಮೊದಲ ಉಂಗುರ ನಮ್ಮ ಬೆಕ್ಕಿನ ಬಾಲಕ್ಕೆ ಸರಿಹೋಯಿತು. ಬೆಕ್ಕು ಒಪ್ಪಲಿಲ್ಲ.

ಕೊನೆಗೆ ಒಂದು ದಿನ ಕ್ಲೇಯಲ್ಲಿ ನನ್ನ ಕೂದಲಿಗೆ ಹೊಂದುವ ಕಪ್ಪು ಬಣ್ಣವನ್ನು ಹದವಾಗಿ ಬೆರೆಸುತ್ತಿದ್ದೆ. ಟೀಚರ್ ಕೇಳಿದರು. “ಏನ್ಮಾಡ್ತಿದೀರಿ?”

“ಮಷೀನಿಗೆ ಒಂದು ಮುಚ್ಚಳ. ಕಾಣಬಾರದು.”

“ಮುಚ್ಚೋಕೆ ಕೂದಲೇ ಇದೆಯಲ್ಲ. ಅಷ್ಟಕ್ಕೆ ಇಷ್ಟೆಲ್ಲ ಕಲಿತ್ರಾ?”

ಸಿಟ್ಟು ಬಂತು. ಎದ್ದು ಮನೆಗೆ ಹೋದೆ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಮರುದಿನ ಬಂದವಳೇ ಕೆಂಪು ಕ್ಲೇ ಪೊಟ್ಟಣ ಒಡೆದೆ.

ಸುಲಭವಾಗಲಿಲ್ಲ. ಮೊದಲು ಮಾಡಿದ ಹೂವಿನ ಭಾರಕ್ಕೆ ಮಷೀನೇ ಕಿವಿಯಿಂದ ಜಾರಿತು. ಬರೀ ಬೆಳ್ಳಿಯಲ್ಲಿ ಮಾಡಿದರೆ ಪೆಟ್ಟಿಗೆಗೆ ತಗುಲಿ, ತಲೆ ಅಲ್ಲಾಡಿಸಿದಾಗಲೆಲ್ಲ ಕಿವಿಯೊಳಗೆ ಪಾತ್ರೆ ಬಿದ್ದ ಸದ್ದು. ಬಿಡಲಿಲ್ಲ. ಕೊಳವೆಯ ಗಾತ್ರಕ್ಕಿಂತ ತುಸು ದಪ್ಪನೆಯ ಕಡ್ಡಿಗೆ ಬೆಳ್ಳಿ ಕ್ಲೇ ಸುತ್ತಿ, ಕುಗ್ಗುವುದಕ್ಕೆ ಜಾಗ ಬಿಟ್ಟು ಬಳೆಯಂಥ ಪುಟ್ಟ ಸುರುಳಿ ಮಾಡಿದೆ. ಅದರ ತುದಿಗೆ ಕಾಗದದಷ್ಟು ತೆಳುವಾದ ಕೆಂಪು ಎಲೆ. ಎಷ್ಟು ಎಲೆ ಮುರಿದವು ಎಂದು ಕೇಳಬೇಡಿ. ಒಂದು ಮುರಿಯಲಿಲ್ಲ. ಅದನ್ನು ಕೊಳವೆಗೆ ಸಿಕ್ಕಿಸಿ, ಕೂದಲನ್ನು ಎತ್ತಿ ಗಂಟು ಕಟ್ಟಿ, ಯಜಮಾನರ ಜೊತೆ ಕಿವಿಯ ಡಾಕ್ಟರ ಬಳಿಗೆ ಹೋದೆ.

ಅಲ್ಲಿ ಎದುರಿನ ಬೆಂಚಿನಲ್ಲಿ ಕಾಲೇಜು ಓದುವ ಒಂದು ಹುಡುಗಿ, ಅವಳ ತಾಯಿ. ಹುಡುಗಿ ನಾನು ಬಿಟ್ಟುಕೊಳ್ಳುತ್ತಿದ್ದ ಹಾಗೆಯೇ ಕೂದಲು ಬಿಟ್ಟುಕೊಂಡಿದ್ದಳು. ನನ್ನ ಕಿವಿಯನ್ನೇ ನೋಡಿದಳು, ನೋಡಿದಳು, ಎದ್ದು ಬಂದೇಬಿಟ್ಟಳು. “ಆಂಟಿ, ಇದನ್ನ ಎಲ್ಲಿ ತಗೊಂಡ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿ ನಡುವೆ ಬಂದರು. “ಮಗುಗೆ ಕೇಳಿಸಲ್ಲ ಕಣ್ರಿ, ನಂಗೆ ಹೇಳಿ, ನಾನವಳಿಗೆ ತಿಳಿಸ್ತೀನಿ.”

ನಾನೆಂದೆ, “ಬೇಡಮ್ಮ. ಅವಳು ಕೇಳಿದ್ದು, ಅವಳಿಗೇ ಹೇಳ್ತೀನಿ.”

ಆ ಹುಡುಗಿಯ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಎಲ್ಲ ಹೇಳಿದೆ. ಅವಳಿಗೆ ಎಲ್ಲವೂ ತಿಳಿಯಿತು. ತನಗೆ ನೀಲಿ ಬೇಕು ಎಂದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಯಜಮಾನರು ಪಕ್ಕದಲ್ಲೇ ಕೂತು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಹೊರಗೆ ಬಂದು ಹೋಟೆಲಿಗೆ ಹೋದೆವು. ಮಾಣಿ ನನ್ನನ್ನು ನೋಡಿ “ಏನು ಕೊಡ್ಲಿ?” ಎಂದ. ಯಜಮಾನರ ಬಾಯಿ ತೆರೆಯಿತು. ತೆರೆದದ್ದು ಹಾಗೇ ಮುಚ್ಚಿತು. ನನ್ನ ಕಡೆ ನೋಡಿದರು. ನಾನು ಕಾಫಿ ಎಂದೆ. ಮದುವೆಯಾಗಿ ಇಷ್ಟು ಕಾಲ ಅವರು ನನಗೆ ಟೀ ತರಿಸುತ್ತಿದ್ದರು. ನನಗೆ ಟೀ ಸೇರುವುದಿಲ್ಲ ಎಂಬುದು ಅವರಿಗೆ ಅವತ್ತು ತಿಳಿಯಿತು. ಇದು ಕಿವಿಯ ವಿಷಯವಲ್ಲ ಎಂದು ನನಗೂ ಅವತ್ತೇ ತಿಳಿಯಿತು.

ಇಷ್ಟೆಲ್ಲ ಹೇಳಬೇಕು ಅಂತ ಇರಲಿಲ್ಲ. ಮೈಕು ಕೈಗೆ ಸಿಕ್ಕಿದೆ, ಹೇಳಿದೆ.

ಆ ನೀಲಿ ಎಲೆಯ ಹುಡುಗಿಗೆ ಈಗ ಕೊಂಡುಕೊಂಡರೆ ಸಾಲದಂತೆ, ಮಾಡುವುದನ್ನೇ ಕಲಿಯಬೇಕಂತೆ. ಅವಳಂಥವರು ಇನ್ನೂ ಕೆಲವರು ಕೇಳಿದ್ದಾರೆ. ಆದ್ದರಿಂದ ಈ ಸಭೆಯಲ್ಲಿ ಒಂದು ವಿಷಯ ಪ್ರಕಟಿಸುತ್ತೇನೆ. ಬರುವ ಶನಿವಾರದಿಂದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕೇಳಿಸದವರಿಗಾಗಿ, ನಾನೇ ಪಾಠ ಮಾಡುತ್ತೇನೆ. ಟಿವಿ ಒಳಗಿನ ಕೋಣೆಗೆ ಹೋಗುತ್ತದೆ. ಅದರ ಜಾಗಕ್ಕೆ ಉದ್ದನೆಯ ಮೇಜು ಬರುತ್ತದೆ. ಎಲ್ಲ ಕುರ್ಚಿಗಳೂ ಎದುರುಬದುರು ಇರುತ್ತವೆ. ಈ ಸುದ್ದಿ ಯಜಮಾನರಿಗೂ ಈಗಲೇ ತಿಳಿಯುತ್ತಿರುವುದು, ಅವರ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಅವರೇನೋ ಹೇಳುತ್ತಿದ್ದಾರೆ. ತುಟಿ ನನಗೆ ಚೆನ್ನಾಗಿ ಕಾಣುತ್ತಿದೆ. ‘ಮೊದಲೇ ಹೇಳಬಾರದಿತ್ತಾ’ ಅಂತ.

ಆಮೇಲೆ ಹೇಳ್ತೀನಿ ಬಿಡಿ!

ಕಲಿಸಿದ ಟೀಚರಿಗೆ, ಕರೆದು ಶಾಲು ಹೊದಿಸಿದ ನಿಮಗೆ, ಹಸಿದರೂ ಕದಲದೆ ಕೂತು ಕೇಳಿದ ಎಲ್ಲರಿಗೂ ನನ್ನ ಕೃತಜ್ಞತೆಗಳು. ಪಾಠಕ್ಕೆ ಸೇರುವವರು ಊಟವಾದ ಮೇಲೆ ಬನ್ನಿ. ಎದುರಿಗೆ ನಿಂತು, ನನ್ನನ್ನೇ ಕೇಳಿ. ನಮಸ್ಕಾರ.