ನಾಲ್ಕನೆಯ ಹೆಗಲು

ಗಂಡನ ಎಕ್ಸರೇಗಾಗಿ ಕಾಯುತ್ತಿದ್ದ ಹೆಂಗಸಿನ ಬೆಂಚಿಗೆ ಇನ್ನಿಬ್ಬರು ಬಂದು ಕೂತರು. ಒಬ್ಬಳು ಹಿಂದಿನ ದಿನ ತೀರಿಹೋದವನ ಮಗಳು, ಇನ್ನೊಬ್ಬ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವವನು. ಎದುರಿಗೇ ಶವಾಗಾರದ ಬಾಗಿಲು. ಕಿವಿ ಮುಚ್ಚಿಕೊಂಡು ಕೂರುವುದು ಆ ಹೆಂಗಸಿಗೆ ಆಗಲಿಲ್ಲ.

"ಅಪ್ಪನ ಪೆಟ್ಟಿಗೆ ಚರ್ಚ್ ಸಭೆಯ ಹಿರಿಯರೇ ಹೊರೋದಂತೆ, ಮಾವ."

"ಹೊರಲಿ ಬಿಡಮ್ಮ. ನಾವು ಮೂವರೂ ಚರ್ಚಿನೋರಲ್ಲವಲ್ಲ, ಹಿಂದೆ ನಡೀತೀವಿ."

"ದಿಕ್ಕಿಲ್ಲದ ಹೆಣ ಹೊರುವಾಗ ಈ ಹಿರಿಯರು ಎಲ್ಲಿ ಹೋಗಿದ್ರು? ಹೆಗಲು ಕೊಟ್ಟೋರು ಅಪ್ಪ, ನೀವು, ವಾರ್ಡು ಗುಡಿಸೋ ಅಣ್ಣ, ಚಹಾದಂಗಡಿ ತಾತ."

"ಯೇಸುಸ್ವಾಮಿ ಯಾರನ್ನೂ ಬೇಡ ಅಂದಿಲ್ಲ ಅನ್ನೋನು ನಿಮ್ಮಪ್ಪ. ಮಣ್ಣು ಮಾಡಿದ್ದೇ ತಡ, ಮನೆಗೆ ಓಟ. ಮಕ್ಕಳಿಗೆ ಜಡೆ ಹಾಕ್ಬೇಕು, ಸ್ಕೂಲಿಗೆ ಹೊತ್ತಾಯ್ತು ಅಂತ."

"ಆ ಜಡೆ ಒಂದು ದಿನವೂ ನೆಟ್ಟಗಿರಲಿಲ್ಲ."

"ಪೆಟ್ಟಿಗೇನೂ ಅಷ್ಟೇ. ಕುಳ್ಳ ನೋಡು, ಅವನ ಕಡೆಗೇ ವಾಲೋದು. ಕೊನೆಗೆ ಟವೆಲ್ ಮಡಚಿ ಹೆಗಲ ಮೇಲಿಟ್ಟುಕೊಳ್ತಿದ್ದ."

ಮಗಳು ನಗಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀವೇ ಹೊರಬೇಕು, ಮಾವ. ಹಿರಿಯರಿಗೆ ಹೇಳಿ ಬಂದಿದ್ದೀನಿ."

"ಸತ್ತವನ ಮುಂದೆ ಜಗಳ ಬೇಡಮ್ಮ. ಅಲ್ಲದೆ ನಾವಿರೋದು ಮೂರೇ ಜನ."

"ಅಪ್ಪನ ಜಾಗಕ್ಕೆ ನಾನು."

"ನೀನೂ ಕುಳ್ಳಿ ತಾನೇ, ವಾಲುತ್ತೆ."

ಅವಳು ಚೀಲದಿಂದ ಹಳೆಯ ಟವೆಲೊಂದನ್ನು ತೆಗೆದು ತೊಡೆಯ ಮೇಲೆ ಮಡಚತೊಡಗಿದಳು.

"ಇನ್ನೊಂದು ಮಡಿಕೆ ಹಾಕು," ಎಂದ ಅವನು. "ನೀನು ಅವನಿಗಿಂತ ಒಂದು ಬೆರಳು ಕಮ್ಮಿ."

ಶವಾಗಾರದ ಬಾಗಿಲು ತೆರೆಯಿತು. ಇಬ್ಬರೂ ಎದ್ದರು. ಹೆಂಗಸು ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟಳು.