ಪೋಸ್ಟರಿನ ಕೆಳಗಿನ ಕುರ್ಚಿ

ಎಷ್‌ಬಾರ್ನ್ ಸ್ಟೇಷನ್ನಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಮೂವತ್ತು ವರ್ಷದಿಂದ ಜರ್ಮನಿಯಲ್ಲೇ ಇರುವ ಡಾಕ್ಟರ್ ಸಾವಿತ್ರಿ ಓದುತ್ತಿದ್ದ ಪೇಪರ್ ಮಡಚಿದರು. ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಈಚೆಗೆ ಜರ್ಮನಿ ಕೊಡುತ್ತಿರುವ ಗ್ರೀನ್ ಕಾರ್ಡಿನ ಮೇಲೆ ಕೆಲಸಕ್ಕೆ ಬಂದವರಿರಬೇಕು.

"ಚೀನಾದವರಿಗೆ ಊರಿಗೆ ಮಾತಾಡೋ ಫೋನ್ ಕಾರ್ಡ್ ಮಾರೋ ನಿಮ್ಮ ಕಂಪನಿ ಪೋಸ್ಟರ್ ಏನಾತು, ಶ್ರೀದೇವಿ?"

"'ಹೊಸ ವರ್ಷ ಬಂತು, ಅವ್ವ ಕಾಯಾಕತ್ತಾಳ' ಅಂತ ಬರದಿದ್ವಿ. ಇಲ್ಲಿ ಓದೋ ಬೀಜಿಂಗ್ ಸ್ಟೂಡೆಂಟ್ಸ್ ಮುಗಿಬಿದ್ದು ಕಾರ್ಡ್ ತಗೊಂಡ್ರು."

"ಮತ್ತ ಮಾರಿ ಯಾಕ ಸಣ್ಣದಾಗೇತಿ?"

"ಒಂದು ರೆಸ್ಟೋರೆಂಟಿನ್ಯಾಗೂ ಹಚ್ಚಿ ಬಂದ್ನಿ. ಅದನ್ನ ನಡಸೋ ಅಜ್ಜಿನೂ ಚೀನಾ ಮಂದಿನ, ಆದ್ರ ಹುಟ್ಟಿದ್ದು ವಿಯೆಟ್ನಾಮಿನ್ಯಾಗ. ಯುದ್ಧ ಆದಮ್ಯಾಲೆ ದೋಣ್ಯಾಗ ಪಾರಾಗಿ ಬಂದಾಕಿ. 'ನಮ್ಮವ್ವ ಇಲ್ಲೇ ಮಣ್ಣಾದ್ಲು, ನಾ ಯಾರಿಗೆ ಫೋನ್ ಮಾಡ್ಲಿ?' ಅಂದ್ಲು."

"ಅಯ್ಯ! ಪೋಸ್ಟರ್ ತಗದ್ಯೇನ?"

"ತಗ್ಯಾಕ ಹೋದ್ರ ಬಿಡಲಿಲ್ಲ. ಅದರ ಕೆಳಗ ತನ್ನ ಫೋನ್ ಇಟ್ಟು, ಒಂದು ಕುರ್ಚಿ ಹಾಕ್ಯಾಳ."

"ಕುರ್ಚಿ ಯಾಕ?"

"ಊಟಕ್ಕ ಬರೋ ಹುಡುಗ್ರು ಅವ್ವನ ಜೋಡಿ ಮಾತಾಡೋವಾಗ ನಿಂತ್ಕೊಂಡು ಅಳಬಾರದಂತ."

ರೈಲು ಬಂತು. ಇಬ್ಬರೂ ಹತ್ತಿ ಹೋದರು. ಅದೇ ರೈಲಿಗೆ ಕಾದಿದ್ದ ಸಾವಿತ್ರಿ ಮಾತ್ರ ಬೆಂಚಿನಿಂದ ಏಳಲಿಲ್ಲ; ಕೂತಲ್ಲೇ ಕಣ್ಣೊರೆಸಿಕೊಂಡರು.