ಪೈಲಟ್‌ಗೆ ಜಾಗವಿಲ್ಲ

ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕ ತಮ್ಮ ಇಬ್ಬರಿಗೂ ತಲೆ ನರೆತಿತ್ತು. ತಮ್ಮನ ತೊಡೆಯ ಮೇಲೆ ಪ್ಲಾಸ್ಟಿಕ್ ಬ್ಲಾಕ್‌ಗಳನ್ನು ಜೋಡಿಸಿ ಮಾಡಿದ ಹಳೆಯ ಗಗನನೌಕೆಯೊಂದು ಕೂತಿತ್ತು. ಹಿಂದಿನ ಸೀಟಿನಲ್ಲಿ ಕಾದಂಬರಿಯೊಂದರ ಕರಡು ತಿದ್ದುತ್ತಿದ್ದ ಹೆಂಗಸು ಪುಟ ತಿರುಗಿಸುವುದನ್ನು ಬಿಟ್ಟು ಕಿವಿ ನಿಮಿರಿಸಿದಳು.

“ರೆಕ್ಕೆ ಜೋತುಬೀಳುತ್ತೆ, ಅದೊಂದು ಸರಿಮಾಡು ಅಂತ ತಾನೇ ಕೊಟ್ಟಿದ್ದು?”

“ಮಾಡಿದೀನಲ್ಲಕ್ಕ! ಒಳಗೆ ಅಡ್ಡಕ್ಕೊಂದು ತೊಲೆ ಕೊಟ್ಟೆ. ಈಗ ಅಲ್ಲಾಡಿಸು ನೋಡೋಣ.”

“ಬಾಲದಲ್ಲಿ ಇದೇನೋ ಗುಡ್ಡ?”

“ಎಂಜಿನ್. ತೊಲೆ ಭಾರಕ್ಕೆ ಮೂತಿ ಮುಗ್ಗರಿಸ್ತಿತ್ತು, ಅದಕ್ಕೆ ಹಿಂದಕ್ಕೂ ಭಾರ ಹಾಕಿದೆ. ಆಮೇಲೆ ಕಾಲು ತಡೀಲಿಲ್ಲ, ಅದನ್ನೂ ದಪ್ಪ ಮಾಡಿದೆ.”

“ಮೂಗಿಗಿಂತ ಮೂಗುತಿ ಭಾರ! ಒಂದು ಕೈಯಲ್ಲಿ ಎತ್ತೋಕಾಗ್ತಿಲ್ಲ ಕಣೋ. ಇದನ್ನ ನಾನು ಮನೆ ತುಂಬ ಹಾರಿಸ್ತಿದ್ದೆ.”

“ಈ ವಯಸ್ಸಲ್ಲಿ ಹಾರಿಸ್ತೀಯಾ?”

“ಹಾರಿಸ್ತೀನಿ. ನಿನಗೇನು ಕಷ್ಟ?”

ಅಕ್ಕ ನೌಕೆಯ ಮುಚ್ಚಳ ಎತ್ತಿ ಒಳಗೆ ಇಣುಕಿದಳು.

“ಪೈಲಟ್ ಕೂರೋ ಜಾಗ ಎಲ್ಲೋ?”

“ತೊಲೆ ಹೋಗಿರೋದು ಅಲ್ಲೇ. ಬೇರೆ ದಾರೀನೇ ಇರ್ಲಿಲ್ಲ. ಇಷ್ಟು ಒದ್ದಾಡಿದೀನಿ, ಒಂದು ಒಳ್ಳೆ ಮಾತಾದ್ರೂ ಆಡಬಾರ್ದಾ?”

ಅಕ್ಕ ಪರ್ಸಿನಿಂದ ಪುಟ್ಟ ಪೈಲಟ್ ಬೊಂಬೆ ತೆಗೆದು ಅವನ ಅಂಗೈಯಲ್ಲಿಟ್ಟಳು.

“ರಿಪೇರಿಗೆ ಕೊಡುವಾಗ ಇವನನ್ನ ಜೋಪಾನವಾಗಿ ಎತ್ತಿಟ್ಕೊಂಡಿದ್ದೆ. ಮೊದಲು ಇವನನ್ನ ಕೂರಿಸು. ಆಮೇಲೆ ಸುತ್ತ ನೌಕೆ ಕಟ್ಟು.”

“ಪೂರ್ತಿ ಬಿಚ್ಚಬೇಕಾಗುತ್ತೆ!”

“ಬಿಚ್ಚು.”

“ರೆಕ್ಕೆ ಮತ್ತೆ ಜೋತುಬಿದ್ರೆ?”

“ಬೀಳ್ಲಿ ಬಿಡು.”

ಅವರ ಸ್ಟಾಪ್ ಬಂತು. ಅಕ್ಕ ಕೈಬೀಸಿಕೊಂಡು ಮುಂದೆ ಇಳಿದಳು. ತಮ್ಮ ಗೊಣಗುತ್ತ, ನೌಕೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹಿಂದೆ ಇಳಿದ. ಪೈಲಟ್‌ಗೆ ಸದ್ಯಕ್ಕೆ ಅವನ ಅಂಗಿಯ ಜೇಬೇ ಗತಿಯಾಯಿತು.